ತಳಕ್ಕೆ ದಾರ ಕಟ್ಟಿದ ಚೊಂಬು

೧೪ ಜೂನ್ ೧೯೯೮

ಬಂದು ಬಿದ್ದಿದ್ದೇನೆ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸಿಳಿದು, ಕೋಗಳಿ ಕಡೆ ಹೋಗುವ ಟ್ರ್ಯಾಕ್ಸಿನಲ್ಲಿ ಹದಿನಾಲ್ಕು ಜನರ ನಡುವೆ ಮುದುಡಿ ಕೂತು, ಕೊನೆಯ ಎರಡು ಮೈಲಿ ನಡೆದು ಈ ಮುತ್ತಗನಹಳ್ಳಿ ಸೇರುವಾಗ ಮಧ್ಯಾಹ್ನ ಮೂರು ಗಂಟೆ. ಇಪ್ಪತ್ತು ವರ್ಷ ಬೆಳಗಾವಿ ಕಡೆ ನರ್ಸಾಗಿ ದುಡಿದವಳಿಗೆ ಮೇಲಿನವರು ಕೊಟ್ಟ ಉಡುಗೊರೆ ಇದು. ಹಾಕದ ಚುಚ್ಚುಮದ್ದನ್ನು ಹಾಕಿದ್ದೇನೆ ಎಂದು ರಿಜಿಸ್ಟರಿನಲ್ಲಿ ಬರೆ ಎಂದರು. ಬರೆಯುವುದಿಲ್ಲ ಎಂದೆ. ಹಾಗಾದರೆ ಗಂಟುಮೂಟೆ ಕಟ್ಟು ಎಂದರು. ಕಟ್ಟಿದೆ. ಈ ಅನಂತಮತಿ ಸುಳ್ಳು ಬರೆದು ನೆರಳಲ್ಲಿರುವುದಕ್ಕಿಂತ ನಿಜ ಬರೆದು ಬಿಸಿಲಲ್ಲಿರುತ್ತಾಳೆ.

ಊರಲ್ಲಿ ನಮ್ಮವರದು ಒಂದು ಮನೆಯೂ ಇಲ್ಲ. ಜೈನರು ಎಂದರೆ ಯಾರು ಎಂದು ಮೂರು ಜನ ಕೇಳಿದರು. ಮನೆ ಕೊಟ್ಟ ಕೊಟ್ರಬಸಮ್ಮ ಕೊರಳಲ್ಲಿ ಲಿಂಗ ಕಟ್ಟಿದವರು, ಮಾಂಸ ಮುಟ್ಟದವರು, ಅಷ್ಟು ಸಮಾಧಾನ. ಉಳಿದ ಮುಕ್ಕಾಲು ಊರು ಕುರಿ ಸಾಕುವವರದು. ಬೀರಪ್ಪ ಅವರ ದೇವರು. ಹಬ್ಬಕ್ಕೆ ಕುರಿ ಕಡಿಯುತ್ತಾರೆ. ಅವ್ವ ಬದುಕಿದ್ದರೆ ಇವರಿಗೆಲ್ಲ ಒಂದೇ ಹೆಸರು ಇಡುತ್ತಿದ್ದಳು: ಮಿಥ್ಯಾದೃಷ್ಟಿಗಳು, ದೇವರಲ್ಲದ್ದನ್ನು ದೇವರೆಂದು ನಂಬಿದವರು.

ಗೋಡೆಯ ಗೂಡನ್ನು ಸಾರಿಸಿ, ಅವ್ವ ಕೊಟ್ಟ ಬೊಟ್ಟುದ್ದದ ಹಿತ್ತಾಳೆಯ ಪಾರ್ಶ್ವನಾಥ ಸ್ವಾಮಿಯನ್ನು ಇಟ್ಟೆ. ಸ್ವಾಮಿಯ ಮುಂದೆ ಹೇಳಿದ್ದನ್ನು ಇಲ್ಲಿಯೂ ಬರೆದಿಡುತ್ತೇನೆ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಯಾವುದೂ ಬೇಡ. ಬಟ್ಟೆಯಲ್ಲಿ ಗಾಳಿಸದ ನೀರು ಕುಡಿಯುವುದಿಲ್ಲ. ಬೇರೆ ದೇವರ ಮುಂದೆ ಕೈ ಮುಗಿಯುವುದಿಲ್ಲ. ಇವರು ನಗಲಿ, ಬೈಯಲಿ, ಇಷ್ಟು ಮಾತ್ರ ಬಿಡಲಾರೆ.

೧೭ ಜೂನ್

ಇವರ ಬಾವಿ ಬೀರಪ್ಪನ ಗುಡಿಯ ಎದುರಿಗೇ ಇದೆ. ಕೈಪಂಪಿನ ನೀರು ಉಪ್ಪು, ಬಾವಿಯದು ಸಿಹಿ. ಹಾಗಾಗಿ ಬೆಳಿಗ್ಗೆ ಊರಿನ ಹೆಂಗಸರೆಲ್ಲ ಅಲ್ಲೇ.

ನಾನು ಒಂದು ಕೊಡ ಸೇದಿ, ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಗಾಳಿಸಿದೆ. ಆಮೇಲೆ ಬಟ್ಟೆಯನ್ನು ಮಗುಚಿ, ಗಾಳಿಸಿದ ನೀರಿನಲ್ಲೇ ಮೆಲ್ಲಗೆ ತೊಳೆದು ಚೊಂಬಿಗೆ ಬಿಟ್ಟುಕೊಂಡೆ. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಂಡೂ ಕಾಣದ ಜೀವಗಳು ತಾವು ಹುಟ್ಟಿದ ನೀರಿಗೇ ಹಿಂತಿರುಗಬೇಕು, ಬೇರೆ ನೀರಿಗೆ ಬಿದ್ದರೆ ಬದುಕುವುದಿಲ್ಲ. ಮೇಲಿನಿಂದ ಸುರಿದರೆ ಪೆಟ್ಟಾಗುತ್ತದೆ. ಅದಕ್ಕೇ ಅವ್ವನ ಚೊಂಬಿನ ಕೊರಳಿಗೆ ಒಂದು ದಾರ, ತಳಕ್ಕೆ ಇನ್ನೊಂದು. ನೀರಿನ ಮಟ್ಟದವರೆಗೆ ಇಳಿಸಿ ತಳದ ದಾರ ಎಳೆದರೆ ಚೊಂಬು ತಾನಾಗಿ ಮಗುಚಿಕೊಳ್ಳುತ್ತದೆ. ಇಳಿಸುವಾಗ ಣಮೋಕಾರ ಮಂತ್ರ ಹೇಳುತ್ತೇನೆ.

ತಲೆಯೆತ್ತಿ ನೋಡಿದೆ. ಎಲ್ಲರ ಕಣ್ಣೂ ನನ್ನ ಚೊಂಬಿನ ಮೇಲೆ. ಕಡೆಗೆ ಒಬ್ಬ ಮುದುಕಿ ಬಾಯಿ ಬಿಟ್ಟಳು.

"ಏನ್ಯವ್ವ, ನೀರು ಸೇದಾಕ ಬಂದೀಯೋ, ಹುಯ್ಯಾಕ ಬಂದೀಯೋ?"

ಎಲ್ಲರೂ ನಕ್ಕರು. ಆ ಮುದುಕಿಯೇ ಇಲ್ಲಿನ ಸೂಲಗಿತ್ತಿ ಬೊಮ್ಮಮ್ಮ ಎಂದು ಆಮೇಲೆ ತಿಳಿಯಿತು. ನಾನು ಉತ್ತರ ಕೊಡಲಿಲ್ಲ. ಹುಳದ ಜೀವದ ಬೆಲೆಯನ್ನು ಕುರಿ ಕಡಿಯುವವರಿಗೆ ಹೇಗೆ ಹೇಳುವುದು.

೫ ಜುಲೈ

ನಾಲ್ಕು ಗಂಟೆಗೆ ಹೆರಿಗೆಗೆ ಕರೆ ಬಂತು. ಆ ಮುದುಕಿ ಆಗಲೇ ಅಲ್ಲಿದ್ದಳು. ಹೊಸ ಬ್ಲೇಡು, ಕುದಿಸಿದ ದಾರ ಎಂದು ನಾನು, ತನ್ನ ಕುಡುಗೋಲು ಸಾಕೆಂದು ಅವಳು. ಗೆದ್ದವಳು ನಾನು. ಹೆಣ್ಣುಮಗು, ತಾಯಿ ಮಗು ಕ್ಷೇಮ. ಕೈ ತೊಳೆಯುವಾಗ ಹೊತ್ತು ಮುಳುಗಿತ್ತು. ಮನೆಯವರು ತಟ್ಟೆ ಇಟ್ಟರು, ಬೇಡ ಎಂದೆ.

"ನಿಮ್ಮ ದೇವ್ರಿಗೆ ಕತ್ತಲಾಗ ಕಣ್ಣು ಕಾಣಂಗಿಲ್ಲೇನು?" ಎಂದಳು ಮುದುಕಿ.

"ದೇವರಿಗೆ ಕಾಣತೈತಿ. ಅನ್ನದಾಗ ಬಿದ್ದ ಹುಳ ನನಗ ಕಾಣಂಗಿಲ್ಲ."

ಅವಳು ತನ್ನ ತಟ್ಟೆಯನ್ನು ಬುಡ್ಡಿಯ ಹತ್ತಿರ ಎಳೆದುಕೊಂಡು ಒಂದು ಸಲ ಬಗ್ಗಿ ನೋಡಿದಳು. ಆಮೇಲೆ ಉಂಡಳು.

೨ ಆಗಸ್ಟ್

ಭಾನುವಾರ. ಕೋಗಳಿಗೆ ಹೋಗಿದ್ದೆ, ಹಳೆಯ ಬಸದಿಗೆ. ನಾನು ಹೋದ ಹೊತ್ತಿನಲ್ಲಿ ಯಾರೂ ಇರಲಿಲ್ಲ. ಒಂದು ಕಾಲದಲ್ಲಿ ಇಲ್ಲೆಲ್ಲ ನಮ್ಮವರೇ ಇದ್ದರಲ್ಲ, ಎಲ್ಲಿ ಹೋದರು ಎಂದು ದುಃಖವಾಯಿತು, ಆಮೇಲೆ ಸಿಟ್ಟು ಬಂತು. ಎಲ್ಲರೂ ಹೋಗಿದ್ದರೆ ಹೋಗಲಿ. ನಾನೊಬ್ಬಳು ಇದ್ದೇನೆ. ಜಿನನ ಮುಂದೆ ನಿಂತು ಜೋರಾಗಿಯೇ ಸ್ತುತಿ ಹೇಳಿದೆ, ಕಲ್ಲುಗಳಿಗಾದರೂ ಕೇಳಲಿ ಎಂದು.

೧೯ ಆಗಸ್ಟ್

ವಾಂತಿಭೇದಿ. ಮೂರು ದಿನದಲ್ಲಿ ಹನ್ನೊಂದು ಮನೆ. ಬರೆಯಲು ಸಮಯವಿಲ್ಲ. ಗ್ಲೂಕೋಸ್ ಬಾಟಲಿಗಳು ಮುಗಿದವು, ತಾಲೂಕಿಗೆ ಚೀಟಿ ಕಳಿಸಿದ್ದೇನೆ.

೨೦ ಆಗಸ್ಟ್

ಬೊಮ್ಮಮ್ಮನ ತಮ್ಮ ಪಕ್ಕೀರಪ್ಪ ತೀರಿಕೊಂಡ. ಕುರಿ ಹಿಂಡಿನ ಜೊತೆ ಹಡಗಲಿ ಕಡೆ ಹೋಗಿದ್ದವನು ಈ ವಾರ ದಣಿದು ಬಂದು ಬಾವಿಯ ನೀರು ಕುಡಿದಿದ್ದ. ತಾಲೂಕಿನಿಂದ ಜೀಪು ಬರುವಷ್ಟರಲ್ಲಿ ಮುಗಿದಿತ್ತು.

ಮಳೆನೀರು ತಿಪ್ಪೆಯನ್ನು ತೊಳೆದುಕೊಂಡು ಬಾವಿಗೆ ಇಳಿದಿದೆ. ಏನು ಮಾಡಬೇಕೆಂದು ನನಗೆ ಗೊತ್ತು, ಇಪ್ಪತ್ತು ವರ್ಷದಿಂದ ಗೊತ್ತು. ಬ್ಲೀಚಿಂಗ್ ಪುಡಿ ಕಲಸಿ ಬಕೆಟ್ಟಿನಲ್ಲಿ ಇಳಿಸಿದೆ. ಎರಡು ತಿಂಗಳಿಂದ ದಿನಕ್ಕೆ ಎರಡು ಸಲ ಪೆಟ್ಟಾಗದಂತೆ ಅವುಗಳ ಮನೆಗೆ ಕಳಿಸಿದ ಜೀವಗಳನ್ನೆಲ್ಲ ಒಂದೇ ಬಕೆಟ್ಟಿನಲ್ಲಿ ನಾನೇ ಕೊಂದೆ. ಮನುಷ್ಯರು ಸಾಯುತ್ತಿರುವಾಗ ಇದನ್ನು ಬಿಡುವಂತಿರಲಿಲ್ಲ. ಆದರೆ ಪಾಪ ಅಲ್ಲವೆಂದು ನನಗೆ ನಾನೇ ಹೇಳಿಕೊಳ್ಳುವುದಿಲ್ಲ. ಪ್ರಾಯಶ್ಚಿತ್ತಕ್ಕೆ ಹತ್ತು ದಿನ ಒಪ್ಪೊತ್ತು ಊಟ.

೨೪ ಆಗಸ್ಟ್

ಇವತ್ತಿನದನ್ನು ಪೂರ್ತಿ ಬರೆಯಬೇಕು. ಮುಂದೆ ಯಾರಾದರೂ ಬೇರೆ ರೀತಿ ಹೇಳಿದರೆ ನನಗಾದರೂ ನಿಜ ನೆನಪಿರಲಿ.

ಬೀರಪ್ಪನ ಗುಡಿಯ ಕಟ್ಟೆಗೆ ಕರೆಸಿದರು. ಪೂಜಾರಿ ಹನುಮಣ್ಣನೇ ಊರಿನ ಹಿರಿಯ. ಹೆಗಲ ಮೇಲೆ ಕಂಬಳಿ, ಮಾತು ಮೆತ್ತಗೆ.

"ನರ್ಸಮ್ಮಾರ, ಕುಂದರ್ರಿ. ಎರಡು ತಿಂಗಳಾತು, ದಿನಾ ಬಾವಿಗೆ ಚೊಂಬಿಲೆ ಏನೋ ಬಿಡ್ತೀರಂತ. ಬಾಯಾಗ ಏನೋ ಅಂತೀರಂತ. ಮೊನ್ನಿ ಬಿಳೇ ಪುಡಿ ಹಾಕೀರಿ. ಪಕ್ಕೀರಪ್ಪ ಹೋದ. ಮಂದಿ ಬಾಯಿಗೆ ನಾ ಹೆಂಗ ಕೈ ಹಿಡೀಲಿ?"

"ಬ್ಯಾನಿ ಬಂದ ಮ್ಯಾಲ ಪುಡಿ ಹಾಕೀನಿ, ಪುಡಿ ಹಾಕಿದ ಮ್ಯಾಲ ಬ್ಯಾನಿ ಬಂದಿಲ್ಲ. ಅದು ಸರಕಾರದ ಪುಡಿ. ಚೊಂಬಿನಾಗ ಹೋಗೂದು ಅದೇ ಬಾವಿ ಹುಳ. ತಗೊಂಡದ್ದನ್ನ ತಿರುಗಿ ಬಿಡ್ತೀನಿ, ಅಷ್ಟೇ."

"ಇರಬಹುದ್ರಿ. ನಾ ಸುಳ್ಳಂತ ಅನ್ನವಲ್ಲೆ. ಬೀರಪ್ಪನ ಭಂಡಾರ ಮುಟ್ಟಿ, ಬಾವಿಗೆ ಕೆಟ್ಟದ್ದೇನೂ ಹಾಕಿಲ್ಲಂತ ಒಂದು ಮಾತು ಅಂದುಬಿಡ್ರಿ. ಅಲ್ಲಿಗೆ ಮುಗೀತು. ನಮ್ಮೂರಾಗ ಯಾರ ಮ್ಯಾಲ ಅನುಮಾನ ಬಂದ್ರೂ ಹಿಂಗ ಕೇಳತೀವಿ. ಗೌಡ್ರನ್ನೂ ಬಿಟ್ಟಿಲ್ಲ."

ಭಂಡಾರ ಎಂದರೆ ಗುಡಿಯ ಅರಿಶಿನದ ಪುಡಿ. ಹಿತ್ತಾಳೆ ತಟ್ಟೆಯಲ್ಲಿ ನನ್ನ ಮುಂದಿಟ್ಟರು. ಬೆರಳು ಮುಟ್ಟಿಸುವಷ್ಟೇ ಕೆಲಸ. ಎಲ್ಲರೂ ಅದನ್ನೇ ಕಾಯುತ್ತಿದ್ದರು.

"ಪಾರ್ಶ್ವನಾಥ ಸ್ವಾಮಿ ಮುಟ್ಟಿ ಹೇಳ್ತೀನ್ರಿ," ಎಂದೆ.

"ನಿಮ್ಮ ಸ್ವಾಮಿ ನಮಗ ಗುರುತಿಲ್ಲ."

"ನಿಮ್ಮ ಬೀರಪ್ಪ ನನಗ ಗುರುತಿಲ್ಲ. ಗುರುತಿಲ್ಲದವರ ಮ್ಯಾಲ ಆಣೆ ಮಾಡಂಗಿಲ್ಲ. ಪ್ರಾಣ ಹೋದ್ರೂ ಮಾಡಂಗಿಲ್ಲ."

ಹಿಂದಿನಿಂದ ಯಾರೋ, "ತಪ್ಪು ಮಾಡದಿದ್ರ ಮುಟ್ಟಾಕ ಏನಾಗೇತಿ," ಎಂದರು. ಅವರ ಕಡೆಯಿಂದ ನೋಡಿದರೆ ಸರಿಯೇ. ಹನುಮಣ್ಣ ತಟ್ಟೆ ಎತ್ತಿಕೊಂಡ. "ಭಂಡಾರ ಮುಟ್ಟೋತನಕ ಬಾವಿ ಹಗ್ಗ ಮುಟ್ಟಬ್ಯಾಡ್ರಿ," ಎಂದ. ಬೊಮ್ಮಮ್ಮ ಗುಂಪಿನ ಅಂಚಿನಲ್ಲಿ ಕೂತಿದ್ದಳು. ತಮ್ಮನನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತು.

ಇನ್ನೊಂದು ವಿಷಯ ಇಲ್ಲಿ ಮಾತ್ರ ಬರೆಯುತ್ತೇನೆ. ಕೆಟ್ಟದ್ದೇನೂ ಹಾಕಿಲ್ಲ ಎಂದು ನನ್ನ ಸ್ವಾಮಿಯ ಮುಂದೆಯಾದರೂ ಹೇಳಬಲ್ಲೆನೇ? ಬಕೆಟ್ಟು ಇಳಿಸಿದ ಕೈ ನನ್ನದೇ.

೨೫ ಆಗಸ್ಟ್

ಬೆಳಿಗ್ಗೆ ಕೊಟ್ರಬಸಮ್ಮ ಬಾಗಿಲಲ್ಲಿ ನಿಂತು ಬುದ್ಧಿ ಹೇಳಿದರು. "ನನ್ನ ಲಿಂಗ ನನ್ನ ಕೊರಳಾಗೈತಿ. ಆದ್ರೂ ಬೀರಪ್ಪನ ಹಬ್ಬಕ್ಕ ಭಂಡಾರ ಹಣಿಗೆ ಹಚ್ಚಿಸಿಕೋತೀನಿ. ನನ್ನ ಲಿಂಗೇನು ಮುನಿಸಿಕೊಂಡೈತಾ? ಊರಾಗ ಇರಬೇಕಲ್ಲ, ನರ್ಸಮ್ಮಾರ."

"ನೀವು ಇರ್ರಿ. ನಾನೂ ಇರ್ತೀನಿ, ನನ್ನಂಗ."

ಅವರು ನಿಟ್ಟುಸಿರುಬಿಟ್ಟು, ತಮ್ಮ ಹೊಲದ ಬಾವಿಯಲ್ಲಿ ಬೇಕಾದರೆ ಸೇದಿಕೊಳ್ಳಿ ಎಂದರು. ಒಂದೂವರೆ ಮೈಲಿ. ಆಗಲಿ.

೨೯ ಆಗಸ್ಟ್

ನಮ್ಮ ಹತ್ತು ದಿನದ ದಶಲಕ್ಷಣ ಪರ್ವ ಶುರುವಾಗಿ ಮೂರು ದಿನ. ನಮ್ಮೂರಲ್ಲಿದ್ದರೆ ಬಸದಿಯಲ್ಲಿ ಪೂಜೆ, ಪ್ರವಚನ. ಇಲ್ಲಿ ಒಪ್ಪೊತ್ತು ಉಂಡು, ಬಿಸಿಲಲ್ಲಿ ನೀರು ಹೊತ್ತು, ಬಾಗಿಲು ತೆರೆಯದ ಮನೆಗಳಿಗೆ ಮಾತ್ರೆ ಹಂಚುತ್ತೇನೆ. ಎರಡು ಮನೆಯವರು ಮಾತ್ರೆಯನ್ನು ನನ್ನ ಕಣ್ಣೆದುರೇ ತಿಪ್ಪೆಗೆ ಎಸೆದರು. ಆರಿಸಿಕೊಂಡು, ಒರೆಸಿ, ಮತ್ತೆ ಕೊಟ್ಟೆ. ಅದನ್ನೂ ಎಸೆದರು. ನಾಳೆ ಮತ್ತೆ ಹೋಗುತ್ತೇನೆ. ಇವರಿಗೆ ಹಟ ಇದ್ದರೆ ನನಗೇನು ಕಡಿಮೆಯೇ.

೧ ಸೆಪ್ಟೆಂಬರ್

ನಿನ್ನೆ ಹೊಲದ ದಾರಿಯಲ್ಲಿ ತಲೆಸುತ್ತಿ ಬಿದ್ದೆ. ಕೊಡ ಒಡೆಯಿತು, ಮೊಣಕಾಲು ಊದಿದೆ. ಇವತ್ತು ಏಳಲಾಗಲಿಲ್ಲ. ನೀರಿಲ್ಲದೆ ಮಲಗಿದ್ದಾಗ ಬೊಮ್ಮಮ್ಮ ಬಂದಳು. ತಲೆಯ ಮೇಲೆ ಊರ ಬಾವಿಯ ಕೊಡ.

"ಕುಡಿ," ಎಂದಳು.

"ಗಾಳಿಸಬೇಕು. ಗಾಳಿಸಿದ್ರ ಬಟ್ಟಿಯೊಳಗಿನದನ್ನ ಅದೇ ಬಾವಿಗೆ ಬಿಡಬೇಕು. ನನಗ ಬಾವಿ ಇಲ್ಲ. ಬ್ಯಾಡ, ಒಯ್ಯಿ."

ಅವಳು ಹೋಗಲಿಲ್ಲ. ನನ್ನ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. "ಒಂದು ಮಾತು ಕೇಳ್ತೀನಿ. ಭಂಡಾರ ಇಲ್ಲ, ಏನಿಲ್ಲ. ನನ್ನ ತಮ್ಮ ಸತ್ತಾನ. ಬಾವಿಗೆ ನೀ ಏನು ಬಿಡತಿದ್ದಿ?"

ಹೇಳುವ ಬದಲು ತೋರಿಸಿದೆ. ಅವಳು ತಂದ ನೀರನ್ನು ಗಾಳಿಸಿ, ಬಟ್ಟೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದೆ. ಪುಡಿ ಹಾಕಿ ಹನ್ನೆರಡು ದಿನವಾಗಿತ್ತು. ಮತ್ತೆ ಹುಟ್ಟಿಕೊಂಡಿದ್ದವು. ಕೂದಲೆಳೆಯ ತುದಿಯಷ್ಟು, ಎರಡೋ ಮೂರೋ, ಮಿಡುಕುತ್ತಿದ್ದವು. ಬೊಮ್ಮಮ್ಮ ಬಹಳ ಹೊತ್ತು ನೋಡಿದಳು.

"ಇಷ್ಟಕ್ಕ?"

"ಇಷ್ಟಕ್ಕ."

"ಇದಕ್ಕ ಬೀಳೋ ಹಂಗ ನೀರು ಹೊತ್ತಿ?"

ಅವಳು ಕೈ ಚಾಚಿದಳು. "ಬಟ್ಟಿ ಕೊಡಿಲ್ಲೆ. ಚೊಂಬು ಎಲ್ಲೈತಿ? ನಾ ಬಿಟ್ಟು ಬರ್ತೀನಿ."

ಕೊಡಬೇಕೋ ಬೇಡವೋ ಎಂದು ಯೋಚಿಸಿದೆ. ಕುರಿ ಕೊಯ್ಯುವ ಕೈ, ಬೀರಪ್ಪನ ಭಂಡಾರ ಹಚ್ಚಿದ ಹಣೆ. ಆದರೆ ಬಟ್ಟೆ ಒಣಗುತ್ತಾ ಬಂದಿತ್ತು. ಕೊಟ್ಟೆ. ತಳದ ದಾರ ಹೇಗೆ ಎಳೆಯಬೇಕೆಂದು ಎರಡು ಸಲ ಹೇಳಿದೆ. ಕಿಟಕಿಯಿಂದ ಬಾವಿ ಕಾಣುತ್ತದೆ. ಹೆಂಗಸರೆಲ್ಲ ನಿಂತು ನೋಡುತ್ತಿರುವಾಗ ಅವಳು ಕಟ್ಟೆ ಹತ್ತಿ, ಬಗ್ಗಿ, ಚೊಂಬು ಇಳಿಸಿದಳು. ಯಾರೋ ಏನೋ ಕೇಳಿದರು. ಅವಳು ಹೇಳಿದ್ದು ಇಲ್ಲಿಗೆ ಕೇಳಲಿಲ್ಲ, ಕೇಳಿದವರು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದರು.

ಆಮೇಲೆ ನೀರು ಕುಡಿದೆ.

೭ ಸೆಪ್ಟೆಂಬರ್

ಕ್ಷಮಾವಾಣಿ. ಪರ್ವ ಮುಗಿದ ಮೇಲೆ ಎಲ್ಲರಲ್ಲಿ ಕ್ಷಮೆ ಕೇಳುವ ದಿನ. ಕೇಳಬೇಕಾದವರ ಪಟ್ಟಿ ಮನಸ್ಸಿನಲ್ಲಿ ಮಾಡಿದರೆ ಹನುಮಣ್ಣನ ಹೆಸರೇ ಮೊದಲು ಬಂತು. ಈ ಹತ್ತು ದಿನ ಅವನನ್ನು ನಾನು ಮನಸ್ಸಿನಲ್ಲಿ ಬೈದಷ್ಟು ಯಾರನ್ನೂ ಬೈದಿಲ್ಲ. ಕುಂಟುತ್ತಾ ಗುಡಿಯ ಕಟ್ಟೆಗೆ ಹೋದೆ. ಮೆಟ್ಟಿಲ ಕೆಳಗೇ ನಿಂತೆ.

"ಹನುಮಣ್ಣಾರ, ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡ್ರಿ."

ಅವನ ಮುಖ ಸಡಿಲವಾಯಿತು. ಸೋತು ಬಂದಳೆಂದುಕೊಂಡ. ಒಳಗಿನಿಂದ ಭಂಡಾರದ ತಟ್ಟೆ ತಂದೇಬಿಟ್ಟ. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು.

"ಅದಕ್ಕ ಬಂದಿಲ್ಲ," ಎಂದೆ. "ನಿಮ್ಮ ಮ್ಯಾಲ ಸಿಟ್ಟು ಮಾಡಿದ್ದಕ್ಕ ಕ್ಷಮಾ ಕೇಳಾಕ ಬಂದೀನಿ. ಭಂಡಾರ ಇವತ್ತೂ ಮುಟ್ಟಂಗಿಲ್ಲ, ನಾಳೇನೂ ಮುಟ್ಟಂಗಿಲ್ಲ. ಬಾವಿಗೆ ಪುಡಿ ಮತ್ತ ಹಾಕಬೇಕು, ಪ್ರತಿ ಶನಿವಾರ. ನನಗ ಹಗ್ಗ ಕೊಡದಿದ್ರ ನೀವ ಹಾಕ್ರಿ, ನಾ ನಿಂತು ಹೇಳಿಕೊಡ್ತೀನಿ."

ಅಲ್ಲಿದ್ದ ಇಬ್ಬರು ಮೂವರು ಒಮ್ಮೆಲೇ ಮಾತಾಡತೊಡಗಿದರು. ಕ್ಷಮೆ ಕೇಳಲು ಬಂದವಳ ಸೊಕ್ಕು ನೋಡಿ ಎಂದರು. ಆಗ ಬೊಮ್ಮಮ್ಮ ಹಿಂದಿನಿಂದ ಬಂದಳು.

"ಹನುಮಣ್ಣ, ಸತ್ತಾಂವ ನನ್ನ ತಮ್ಮ. ಕೇಳೋ ಹಕ್ಕು ನಂದೈತಿ. ಈಕಿ ಬೀರಪ್ಪನ್ನ ನಂಬತಾಳೇನು?"

"ಇಲ್ಲಂತಾಳಲ್ಲ."

"ನಂಬದಾಕಿಗೆ ಭಂಡಾರ ಅಂದ್ರೇನು? ಸಂತ್ಯಾಗ ಸಿಗೋ ಅರಿಷಿಣ. ಮುಟ್ಟಿ, ಒಂದು ಮಾತು ಅಂದು, ಕೈ ತೊಳಕೊಂಡು ಮನಿಗೆ ಹೋಗಬಹುದಿತ್ತು. ಯಾರು ಕೇಳತಿದ್ರು? ಅದನ್ನ ಬಿಟ್ಟು ಹೊಲದ ಬಾವಿ ನೀರು ಹೊತ್ತು ಮೊಣಕಾಲು ಒಡಕೊಂಡಾಳ. ಅರಿಷಿಣ ಮುಟ್ಟಿ ಸುಳ್ಳ ಅನ್ನದಾಕಿ ಬಾವಿಗೆ ವಿಷ ಹಾಕತಾಳೇನು, ಹೇಳು."

ಹನುಮಣ್ಣ ತಟ್ಟೆಯೊಳಗಿನ ಪುಡಿಯನ್ನು ಬೆರಳಲ್ಲಿ ಹೊಸೆಯುತ್ತಾ ನಿಂತ. ನನಗಲ್ಲ, ತನಗೇ ಹೇಳಿಕೊಂಡಂತೆ ಅಂದ. "ನಂಬೋ ಮಂದೀನ ಇದನ್ನ ಮುಟ್ಟಿ ನನ್ನ ಮುಂದ ಎಷ್ಟು ಸುಳ್ಳ ಹೇಳ್ಯಾರ."

ಆಮೇಲೆ ತಟ್ಟೆಯನ್ನು ಒಳಗೆ ಇಟ್ಟು ಬಂದ. "ಹಗ್ಗ ಹಿಡೀರಿ, ನರ್ಸಮ್ಮಾರ. ಶನಿವಾರ ಪುಡಿ ಹಾಕೋವಾಗ ನನ್ನ ಕರೀರಿ. ನಾನೂ ನೋಡತೀನಿ."

ನಾನು ಗೆದ್ದೆ ಎಂದು ಬರೆಯಲು ಕೂತಿದ್ದೆ. ಮಾತಾಡಿದವಳು ಬೊಮ್ಮಮ್ಮ. ಕ್ಷಮೆ ಕೇಳುವ ಪಟ್ಟಿಯಲ್ಲಿ ಅವಳ ಹೆಸರನ್ನೇ ಮರೆತಿದ್ದೆ. ನಾಳೆ ಹೋಗಿ ಕೇಳಬೇಕು.

೮ ಸೆಪ್ಟೆಂಬರ್

ಕೇಳಿದೆ. "ಯಾತಕ್ಕ?" ಎಂದಳು. ಮೊದಲ ದಿನ ನಿನಗೆ ಉತ್ತರ ಕೊಡಲಿಲ್ಲ, ಅದಕ್ಕೆ ಎಂದೆ. "ಹೌದಲ್ಲ, ನೀ ಭಾಳ ಗರ್ವಿ," ಎಂದು ಒಪ್ಪಿಕೊಂಡಳು.

೨೪ ಜನವರಿ ೧೯೯೯

ಒಂಬತ್ತು ದಿನದ ರಜೆ ಹಾಕಿ ನಮ್ಮೂರಿಗೆ ಬಂದಿದ್ದೇನೆ. ಬಸದಿಯಲ್ಲಿ ಪಂಚಕಲ್ಯಾಣ ಉತ್ಸವ. ಎಷ್ಟು ದಿನದ ಮೇಲೆ ನಮ್ಮವರ ನಡುವೆ ಕೂತು ಪೂಜೆ ನೋಡಿದೆ. ಕಣ್ಣು ತುಂಬಿತು. ಯಾರಿಗೂ ಏನೂ ವಿವರಿಸಬೇಕಾಗಿಲ್ಲ, ಎಲ್ಲರೂ ಹೊತ್ತು ಮುಳುಗುವ ಮೊದಲೇ ಉಣ್ಣುತ್ತಾರೆ.

ತಮ್ಮ ಧರಣೇಂದ್ರ ನನಗಾಗಿ ಓಡಾಡಿದ್ದಾನೆ. ಅರ್ಜಿ ಕೊಟ್ಟರೆ ಮೂರು ತಿಂಗಳಲ್ಲಿ ಇಲ್ಲಿಗೇ ವರ್ಗ ಆಗುತ್ತದಂತೆ. ಟೈಪು ಮಾಡಿಸಿದ ಅರ್ಜಿಯನ್ನೇ ಕೈಗಿಟ್ಟ. ಸಹಿ ಹಾಕಿದರೆ ಸಾಕು.

ಸಂಜೆ ಅಡುಗೆಮನೆಯ ಕೊಡದಲ್ಲಿದ್ದ ನೀರು ಗಾಳಿಸಿ ಬಟ್ಟೆ ಹಿಡಿದು ಹಿತ್ತಿಲಿಗೆ ಹೋದರೆ ಬಾವಿಯಿಲ್ಲ. ಕಲ್ಲು ಚಪ್ಪಡಿ ಹಾಕಿ ಮುಚ್ಚಿದ್ದಾರೆ, ಮೇಲೆ ಸ್ಕೂಟರ್ ನಿಂತಿದೆ.

"ನಳ ಬಂದೈತಲ್ಲ ಅಕ್ಕಾ, ಬಾವಿ ಯಾರಿಗೆ ಬೇಕು? ಬಟ್ಟಿ ಸಿಂಕಿನ್ಯಾಗ ಹಿಂಡಿಬಿಡು. ಎಲ್ಲಾರೂ ಹಂಗ ಮಾಡೂದು."

"ಸಿಂಕಿನಿಂದ ಅವು ಎಲ್ಲಿಗೆ ಹೋಗ್ತಾವ?"

ಧರಣೇಂದ್ರ ನಕ್ಕ. "ಆ ಮಿಥ್ಯಾದೃಷ್ಟಿಗಳ ನಡುವ ಇದ್ದು ನಿನಗ ಹಟ ಭಾಳ ಆಗೇತಿ. ಅವರಿಗೇನು ತಿಳೀತೈತಿ ಇದೆಲ್ಲ."

ಅವನ ಮೇಲೆ ಯಾಕೆ ಅಷ್ಟು ರೇಗಿದೆನೋ ಗೊತ್ತಿಲ್ಲ. ಉತ್ಸವಕ್ಕೆ ಬಂದ ಅತಿಥಿಗಳ ಮುಂದೆ ರೇಗಬಾರದಿತ್ತು. ಪ್ರಯಾಣದ ಆಯಾಸ ಇರಬೇಕು.

೩೦ ಜನವರಿ

ಒಂದು ದಿನ ಮೊದಲೇ ಹೊರಟುಬಂದೆ. ನಾಳೆ ಭಾನುವಾರ ಬಂದಿದ್ದರೂ ನಡೆಯುತ್ತಿತ್ತು. ಆದರೆ ಇವತ್ತು ಶನಿವಾರ, ಬಾವಿಗೆ ಪುಡಿ ಹಾಕುವ ದಿನ. ಹನುಮಣ್ಣ ಅಳತೆ ತಪ್ಪಿಸಿದರೆ ಕಷ್ಟ.

ಮಧ್ಯಾಹ್ನ ಊರು ಸೇರಿದಾಗ ಬೊಮ್ಮಮ್ಮ ಬಾವಿಕಟ್ಟೆಯ ಮೇಲಿದ್ದಳು. ಅವಳ ಕೈಯಲ್ಲಿ ಹಿತ್ತಾಳೆಯ ಹಳೆಯ ತಂಬಿಗೆ, ಕೊರಳಿಗೆ ಒಂದು ದಾರ, ತಳಕ್ಕೆ ಇನ್ನೊಂದು. ತಾನೇ ಕಟ್ಟಿಕೊಂಡಿದ್ದಾಳೆ, ಕುರಿ ಕಟ್ಟುವ ಹುರಿಯಿಂದ. ನನ್ನನ್ನು ನೋಡಿಯೂ ನಿಲ್ಲಿಸದೆ, ಪೂರ್ತಿ ಇಳಿಸಿ, ತಳದ ದಾರ ಎಳೆದು, ಆಮೇಲೆ ಮಾತಾಡಿದಳು.

"ಪುಡಿ ಹಾಕೋಕಿಂತ ಮೊದಲ ಯಾಕ ಬಿಡ್ತೀ ಅಂತ ಕೇಳಬ್ಯಾಡ. ನನಗೂ ಗೊತ್ತೈತಿ. ಅವಕ್ಕ ಒಂದು ತಾಸಾದ್ರೂ ಸಿಗ್ಲಿ."

"ನಾನಿಲ್ಲದಾಗ ಯಾರಿಗೆ ಗಾಳಿಸಿದಿ?"

"ನನಗ. ಒಮ್ಮಿ ಕಣ್ಣಿಲೆ ನೋಡಿದ ಮ್ಯಾಲ ಹೆಂಗ ಕುಡೀಲಿ? ನಿನ್ನ ಮಂತ್ರ ನನಗ ಬರಂಗಿಲ್ಲ. ಬೀರಪ್ಪ ಕಾಯಪ್ಪ ಅಂತೀನಿ."

ಇದು ತಿದ್ದಬೇಕಾದ ಮಾತು. ಇನ್ನೊಂದು ದಿನ ತಿದ್ದಿದರಾಯಿತು. ನಾನು ಬೀರಪ್ಪನಿಗೆ ಕೈ ಮುಗಿದಿಲ್ಲ, ಮುಗಿಯುವುದೂ ಇಲ್ಲ. ಅವಳು ಪಾರ್ಶ್ವನಾಥ ಸ್ವಾಮಿಗೆ ಮುಗಿದಿಲ್ಲ. ಅದು ಇಬ್ಬರಿಗೂ ಗೊತ್ತು.

"ನಿಮ್ಮೂರ ಬಾವಿ ಹೆಂಗೈತಿ?" ಎಂದು ಕೇಳಿದಳು. "ಸಿಹಿನೀರೇನು?"

ಸುಳ್ಳು ಹೇಳುವಂತಿಲ್ಲವಲ್ಲ. "ಮುಚ್ಯಾರ," ಎಂದೆ.

ಅವಳು ನನ್ನ ಮುಖ ನೋಡಿದಳು. ನನ್ನ ಚೀಲದ ಬಾಯಿಂದ ಇಣುಕುತ್ತಿದ್ದ ಗಾಳಿಸುವ ಬಟ್ಟೆ ನೋಡಿದಳು. ಹಗ್ಗವನ್ನು ನನ್ನ ಕಡೆ ಚಾಚಿದಳು.

"ಹಂಗಾರ ಇದರಾಗ ಬಿಡು."

ಸೇದಿದೆ, ಗಾಳಿಸಿದೆ, ಅವ್ವನ ಚೊಂಬು ಇಳಿಸಿದೆ. ನಮ್ಮ ಬಾವಿಯಲ್ಲಿ ಈ ವರ್ಷ ಜನವರಿಗೂ ಇಪ್ಪತ್ತು ಅಡಿ ನೀರಿದೆ. ಹನುಮಣ್ಣ ಬಂದ ಮೇಲೆ ಪುಡಿ ಹಾಕಿದೆವು. ಐದೂವರೆಗೆ ಊಟ ಮುಗಿಸಿದೆ. ಅರ್ಜಿ ಚೀಲದಲ್ಲೇ ಇದೆ, ಸಹಿ ಹಾಕಿಲ್ಲ.